ಇಷ್ಟೊಂದು ಕೆಂಪು ಪಾರ್ಟಿ ಯಾಕೆ? ಮಾರ್ಕ್ಸ್‌ವಾದದ ಕವಲುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಮನೆಯಲ್ಲಿ ತುಳು, ಓದಿದ್ದು ಕನ್ನಡ, ಆಫೀಸು ಕೆಲಸ ಏನಿದ್ದರೂ ಮಲಯಾಳಂ. ಚುನಾವಣೆ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ತೆಂಕು ಕಡೆಗೆ ಬಸ್ಸಿನಲ್ಲಿ ಹೋದರೆ ಕಾಞಂಗಾಡಿನ ಗೋಡೆಗಳ ಮೇಲೆ ಸಿಪಿಐನ ತೆನೆ-ಕುಡುಗೋಲು ಕಾಣುತ್ತದೆ, ಇನ್ನೂ ಮುಂದೆ ತೃಕ್ಕರಿಪುರದಲ್ಲಿ ಸಿಪಿಎಂನ ಸುತ್ತಿಗೆ-ಕುಡುಗೋಲು-ನಕ್ಷತ್ರ. "ಎರಡೂ ಕಮ್ಯುನಿಸ್ಟ್ ಅಲ್ವಾ, ಮತ್ತೆ ಎರಡು ಯಾಕೆ?" ಎಂದು ಜೊತೆಗಿದ್ದವರು ಕೇಳದೆ ಇರುವುದಿಲ್ಲ. ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ನಾನು ಯಾವ ಪಾರ್ಟಿಯ ಸದಸ್ಯನೂ ಅಲ್ಲ. ಹಾಗಂತ ನನಗೆ ಅಭಿಪ್ರಾಯ ಇಲ್ಲ ಅಂತಲ್ಲ, ಓದುತ್ತಾ ಹೋದರೆ ಗೊತ್ತಾಗುತ್ತದೆ.

ಇವರ ಜಗಳ ನಿಜವಾಗಿ ಯಾವುದರ ಮೇಲೆ?

ಯಾರು ಜಾಸ್ತಿ ಕೆಂಪು, ಯಾರು ಕಡಿಮೆ ಕೆಂಪು ಎಂಬುದರ ಮೇಲೆ ಅಲ್ಲ. ಮೂರು ಪ್ರಶ್ನೆ ಇಟ್ಟುಕೊಳ್ಳಿ. ಕ್ರಾಂತಿ ಮಾಡುವವರು ಯಾರು, ಕಾರ್ಖಾನೆಯ ಕಾರ್ಮಿಕರೋ ಹೊಲದ ರೈತರೋ? ಹೇಗೆ ಮಾಡುವುದು, ಮತಪೆಟ್ಟಿಗೆಯಿಂದಲೋ ಕೋವಿಯಿಂದಲೋ? ಮತ್ತೆ, ನಮ್ಮ ದೇಶ ಈಗ ಯಾವ ಘಟ್ಟದಲ್ಲಿದೆ? ಹೊರಗಿನವರು ಮೊದಲ ಎರಡನ್ನು ಮಾತ್ರ ನೋಡುತ್ತಾರೆ. ಆದರೆ ಪಾರ್ಟಿಗಳು ಒಡೆದದ್ದು ಹೆಚ್ಚಾಗಿ ಮೂರನೆಯದರ ಮೇಲೆ. ದೇಶ ಇನ್ನೂ ಜಮೀನ್ದಾರರ ಕೈಯಲ್ಲಿದೆ ಎಂದರೆ ಒಂದು ದಾರಿ, ಆಗಲೇ ಬಂಡವಾಳಗಾರರ ಕೈಗೆ ಹೋಗಿದೆ ಎಂದರೆ ಬೇರೆ ದಾರಿ. ಜೊತೆಗೆ ಯಾರನ್ನು ಸೇರಿಸಿಕೊಳ್ಳಬೇಕು ಎಂಬುದೂ ಅದರ ಮೇಲೆಯೇ ನಿಂತಿದೆ.

ಮಾರ್ಕ್ಸ್ ಇದನ್ನೆಲ್ಲ ಬರೆದಿಟ್ಟು ಹೋಗಿರಲಿಲ್ಲವಾ?

ಇಲ್ಲ. ಅವರು ಬಂಡವಾಳ ಹೇಗೆ ದುಡಿಯುತ್ತದೆ ಎಂದು ಬರೆದಷ್ಟು, ಅದನ್ನು ಕಿತ್ತ ಮೇಲೆ ಏನು ಎಂದು ಬರೆಯಲಿಲ್ಲ. 1871ರಲ್ಲಿ ಪ್ಯಾರಿಸ್ ನಗರವನ್ನು ಕಾರ್ಮಿಕರು 72 ದಿನ ಆಳಿದರು. ಅದನ್ನು ನೋಡಿ, ಹಳೆಯ ಸರ್ಕಾರದ ಯಂತ್ರವನ್ನು ಹಾಗೆಯೇ ಹಿಡಿದುಕೊಂಡು ನಡೆಸಲು ಆಗುವುದಿಲ್ಲ ಎಂದು ಮಾರ್ಕ್ಸ್ ತೀರ್ಮಾನಿಸಿದರು. ಮರುವರ್ಷವೇ ಆಮ್‌ಸ್ಟರ್‌ಡ್ಯಾಮ್‌ನ ಒಂದು ಭಾಷಣದಲ್ಲಿ, ಇಂಗ್ಲೆಂಡು, ಅಮೆರಿಕದಂಥ ಕಡೆ ಶಾಂತಿಯಿಂದಲೂ ಗುರಿ ಮುಟ್ಟಬಹುದು ಎಂದರು. ಎರಡು ಕಡೆಯವರಿಗೂ ಬೇಕಾದ ಮಾತು ಸಿಕ್ಕಿತು, ಮತ್ತೇನು ಬೇಕು.

ಸುಧಾರಣೆಯೋ ಕ್ರಾಂತಿಯೋ ಅಂತಾರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಿ.

ಬೀಡಿಯಿಂದ ಹೇಳುತ್ತೇನೆ, ನನಗೆ ಅದೇ ಸುಲಭ. ನನ್ನ ಅಜ್ಜಿ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ತಡ್ಪೆ (ಮೊರ), ಅದರಲ್ಲಿ ನೆನೆಸಿ ಕತ್ತರಿಸಿದ ಎಲೆ, ಒಂದು ಮೂಲೆಯಲ್ಲಿ ಹೊಗೆಸೊಪ್ಪಿನ ಪುಡಿ, ಪಕ್ಕದಲ್ಲಿ ನೂಲಿನ ಉಂಡೆ. ಮಾತಾಡುತ್ತಾ ಇದ್ದರೂ ಬೆರಳು ನಿಲ್ಲುತ್ತಿರಲಿಲ್ಲ. ಕಟ್ಟಿದ್ದನ್ನೆಲ್ಲ ತೆಗೆದುಕೊಂಡು ಬ್ರಾಂಚಿಗೆ ಹೋದರೆ ಅಲ್ಲಿ ಎಣಿಸುವವನು ಒಂದಷ್ಟನ್ನು "ಇದು ಸರಿಯಿಲ್ಲ" ಎಂದು ಬದಿಗೆ ಹಾಕುತ್ತಿದ್ದ. ಬದಿಗೆ ಹಾಕಿದ್ದಕ್ಕೆ ದುಡ್ಡೂ ಇಲ್ಲ, ಬೀಡಿ ವಾಪಸೂ ಇಲ್ಲ. (ನಮ್ಮ ಕಡೆ ಬ್ರಾಂಚು ಎಂದರೆ ಎರಡು: ಬೀಡಿ ಬ್ರಾಂಚು, ಪಾರ್ಟಿ ಬ್ರಾಂಚು. "ಬ್ರಾಂಚಿಗೆ ಹೋಗಿದ್ದಾರೆ" ಎಂದರೆ ಯಾವುದಕ್ಕೆ ಎಂದು ಕೇಳಿಯೇ ತಿಳಿಯಬೇಕು.)

ಈ ಅನ್ಯಾಯಕ್ಕೆ ಏನು ಮದ್ದು? ಜರ್ಮನಿಯ ದೊಡ್ಡ ಸಮಾಜವಾದಿ ಪಾರ್ಟಿಯ ಎಡ್ವರ್ಡ್ ಬರ್ನ್‌ಸ್ಟೈನ್ 1890ರ ದಶಕದ ಕೊನೆಯಲ್ಲಿ ಹೇಳಿದ್ದು ಹೀಗೆ: ಬಂಡವಾಳಶಾಹಿ ಮಾರ್ಕ್ಸ್ ಅಂದುಕೊಂಡ ಹಾಗೆ ಕುಸಿದು ಬೀಳುತ್ತಿಲ್ಲ, ಕಾರ್ಮಿಕರ ಸ್ಥಿತಿ ನಿಧಾನಕ್ಕೆ ಸುಧಾರಿಸುತ್ತಿದೆ, ಆದ್ದರಿಂದ ಯೂನಿಯನ್ ಕಟ್ಟಿ, ಮತ ಹಾಕಿ ಕಾನೂನು ತನ್ನಿ, ಸಹಕಾರ ಸಂಘ ಮಾಡಿ, ಸಮಾಜವಾದ ಹೆಜ್ಜೆ ಹೆಜ್ಜೆಯಾಗಿ ಬರುತ್ತದೆ. ಅದೇ ಪಾರ್ಟಿಯ ರೋಸಾ ಲಕ್ಸೆಂಬರ್ಗ್ ಇದಕ್ಕೆ ಉರಿದುಬಿದ್ದರು. ಯೂನಿಯನ್ ಬೇಕು, ಖಂಡಿತ ಬೇಕು, ಆದರೆ ಅದು ಬಂಡೆಯನ್ನು ಗುಡ್ಡಕ್ಕೆ ಉರುಳಿಸುವ ಕೆಲಸ, ಮೇಲೆ ತಲುಪಿಸಿದ್ದು ಮತ್ತೆ ಕೆಳಗೆ ಬರುತ್ತದೆ ಎಂದರು. ಸಹಕಾರ ಸಂಘದ ಬಗ್ಗೆ ಅವರ ಮಾತು ಇನ್ನೂ ಖಾರ. ಮಾರುಕಟ್ಟೆಯಲ್ಲಿ ಪೈಪೋಟಿ ಇರುವ ತನಕ ಸಂಘದ ಕಾರ್ಮಿಕರು ತಮಗೆ ತಾವೇ ಧಣಿಗಳಾಗಿ ತಮ್ಮನ್ನೇ ಹಿಂಡಿಕೊಳ್ಳಬೇಕಾಗುತ್ತದೆ, ಇಲ್ಲವೇ ಸಂಘ ಮುಚ್ಚಬೇಕಾಗುತ್ತದೆ.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ದಿನೇಶ್ ಬೀಡಿ. ಬೀಡಿ ಕಾರ್ಮಿಕರಿಗೆ 1966ರ ಕಾನೂನು ಬಂದಾಗ, ಅದರ ಪ್ರಕಾರ ಸೌಲಭ್ಯ ಕೊಡಲು ಮನಸ್ಸಿಲ್ಲದೆ ಮಂಗಳೂರು ಕಡೆಯ ಮಾಲೀಕರು ಕಣ್ಣೂರಿನ ಕೆಲಸ ನಿಲ್ಲಿಸಿದರು. ಸಾವಿರಾರು ಜನ ಬೀದಿಗೆ ಬಿದ್ದರು. 1969ರಲ್ಲಿ ಸರ್ಕಾರದ ನೆರವಿನಿಂದ ದಿನೇಶ್ ಬೀಡಿ ಎಂಬ ಕಾರ್ಮಿಕರದೇ ಸಹಕಾರ ಸಂಘ ಎದ್ದು ನಿಂತಿತು. ರಜೆಗೂ ಸಂಬಳ ಸಿಕ್ಕಿತು, ಪಿಎಫ್ ಬಂತು. ಇಲ್ಲಿಯ ತನಕ ಬರ್ನ್‌ಸ್ಟೈನ್ ಗೆದ್ದರು. ಆಮೇಲೆ ಹೊರಗಿನ ಅಗ್ಗದ ಬೀಡಿ ಬಂತು, ಬೀಡಿ ಸೇದುವವರೇ ಕಡಿಮೆಯಾದರು, ಸಂಘ ಕೊಡೆ, ಮಸಾಲೆಪುಡಿ, ಬಟ್ಟೆ ಎಂದು ಬೇರೆ ದಾರಿ ಹಿಡಿಯಬೇಕಾಯಿತು. ಇಲ್ಲಿ ರೋಸಾ ಗೆದ್ದರು. ನನ್ನನ್ನು ಕೇಳಿದರೆ, ಅಜ್ಜಿಯಂತೆ ಮನೆಯಲ್ಲೇ ಕೂತು ಖಾಸಗಿ ಕಂಪನಿಗೆ ಕಟ್ಟಿದವರು ದಿನೇಶದವರನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದರು, ಅದನ್ನು ಮರೆತು ರೋಸಾಗೆ ಪೂರ್ತಿ ಅಂಕ ಕೊಡಲು ನನ್ನಿಂದ ಆಗುವುದಿಲ್ಲ.

ಜರ್ಮನಿಯ ಕಥೆ ಮಾತ್ರ ಕೆಟ್ಟದಾಗಿ ಮುಗಿಯಿತು. 1914ರ ಆಗಸ್ಟ್ 4ರಂದು ಆ ದೊಡ್ಡ ಸಮಾಜವಾದಿ ಪಾರ್ಟಿಯೇ ಸಂಸತ್ತಿನಲ್ಲಿ ಯುದ್ಧದ ಸಾಲಕ್ಕೆ ಕೈ ಎತ್ತಿತು. 1919ರ ಜನವರಿಯಲ್ಲಿ ರೋಸಾ ಕೊಲೆಯಾದಾಗ ಅಧಿಕಾರದಲ್ಲಿದ್ದದ್ದು ಅವರ ಹಳೆಯ ಸಂಗಾತಿಗಳೇ.

ಬೊಲ್ಶೆವಿಕ್, ಮೆನ್ಶೆವಿಕ್ ಅಂದರೆ?

ರಷ್ಯನ್ನಿನಲ್ಲಿ ಬಹುಮತದವರು, ಅಲ್ಪಮತದವರು ಎಂದಷ್ಟೇ ಅರ್ಥ. 1903ರಲ್ಲಿ ರಷ್ಯದ ಪಾರ್ಟಿಯ ಎರಡನೇ ಮಹಾಸಭೆ ಬ್ರಸೆಲ್ಸ್‌ನಲ್ಲಿ ಶುರುವಾಗಿ ಲಂಡನ್ನಿನಲ್ಲಿ ಮುಗಿಯಿತು. ಯಾರನ್ನು ಪಾರ್ಟಿ ಸದಸ್ಯ ಎನ್ನಬೇಕು ಎಂಬ ಒಂದು ವಾಕ್ಯದ ಮೇಲೆ ಜಗಳ. ಪಾರ್ಟಿಯ ಒಂದು ಘಟಕದಲ್ಲಿ ಕೂತು ಸ್ವತಃ ಕೆಲಸ ಮಾಡಬೇಕು ಎಂದರು ಲೆನಿನ್. ಘಟಕದ ಮಾತು ಕೇಳಿ ನೆರವಾಗುತ್ತಿದ್ದರೆ ಸಾಕು ಎಂದರು ಮಾರ್ತೊವ್. ತಮಾಷೆ ಎಂದರೆ ಆ ವಾಕ್ಯದ ಮೇಲೆ ಸೋತದ್ದು ಲೆನಿನ್! ಆಮೇಲೆ ಕೆಲವರು ಸಭೆ ಬಿಟ್ಟು ಎದ್ದುಹೋದ ಮೇಲೆ ಪತ್ರಿಕೆಯ ಸಂಪಾದಕರು ಯಾರಾಗಬೇಕು ಎಂಬ ಮತದಾನದಲ್ಲಿ ಲೆನಿನ್ ಕಡೆಗೆ ಬಹುಮತ ಬಂತು, ಬೊಲ್ಶೆವಿಕ್ ಎಂಬ ಹೆಸರು ಅಂಟಿಕೊಂಡಿತು. ಮಾರ್ತೊವ್ ಕಡೆಯವರು ಮೆನ್ಶೆವಿಕ್ ಆದರು.

ಚಿಲ್ಲರೆ ಜಗಳದ ಹಾಗೆ ಕಾಣುತ್ತದೆ, ಅಲ್ಲ. ನಮ್ಮೂರಿನಲ್ಲಿ ಪಾರ್ಟಿಗೆ ಮತ ಹಾಕುವವರು ಸಾವಿರ ಇರಬಹುದು, ಆದರೆ ಬ್ರಾಂಚ್ ಮೀಟಿಂಗಿನಲ್ಲಿ ಕೂರುವವರು ಹತ್ತೋ ಹದಿನೈದೋ ಜನ. ಆ ಹತ್ತು ಹದಿನೈದು ಲೆನಿನ್ನರ ವಾಕ್ಯದಿಂದ ಹುಟ್ಟಿದ್ದು. ಮೀಟಿಂಗಿನಲ್ಲಿ ಎಷ್ಟು ಬೇಕಾದರೂ ವಾದ ಮಾಡು, ತೀರ್ಮಾನವಾದ ಮೇಲೆ ಹೊರಗೆ ಒಂದೇ ಬಾಯಿ. ಇದರ ಲಾಭವೂ ಕಂಡಿದ್ದೇವೆ, ಇದರಿಂದ ಬಾಯಿ ಮುಚ್ಚಿಹೋದವರನ್ನೂ ಕಂಡಿದ್ದೇವೆ.

ಟ್ರಾಟ್‌ಸ್ಕಿ ಮತ್ತು ಸ್ಟಾಲಿನ್ ನಡುವೆ ಇದ್ದದ್ದು ಅಧಿಕಾರದ ಜಗಳ ಮಾತ್ರವಾ?

ಇಬ್ಬರೂ ಲೆನಿನ್ ಜೊತೆ ರಷ್ಯದ ಕ್ರಾಂತಿ ಮಾಡಿದ ಬೊಲ್ಶೆವಿಕ್ ಮುಖಂಡರು. ಜಗಳ ಅಧಿಕಾರದ್ದೂ ಹೌದು, ಘಟ್ಟದ್ದೂ ಹೌದು. ಮೊದಲು ಬಂಡವಾಳಶಾಹಿ ಕ್ರಾಂತಿ, ಆಮೇಲೆ ಯಾವಾಗಲೋ ಸಮಾಜವಾದ ಎಂಬ ಮೆಟ್ಟಿಲುಗಳನ್ನು ಟ್ರಾಟ್‌ಸ್ಕಿ ಒಪ್ಪಲಿಲ್ಲ. ಹಿಂದುಳಿದ ದೇಶದಲ್ಲಿ ಬಂಡವಾಳಗಾರರು ಅಂಜುಬುರುಕರು, ಅವರ ಕೆಲಸವನ್ನೂ ಕಾರ್ಮಿಕರೇ ಮಾಡಬೇಕು, ಮಾಡಿದ ಮೇಲೆ ಅಲ್ಲೇ ನಿಲ್ಲಲಿಕ್ಕೂ ಆಗುವುದಿಲ್ಲ, ಬೇರೆ ದೇಶಗಳಿಗೆ ಹಬ್ಬದಿದ್ದರೆ ಉಳಿಯುವುದೂ ಇಲ್ಲ. ಸ್ಟಾಲಿನ್ 1924ರಿಂದ, ಒಂದೇ ದೇಶದಲ್ಲೂ ಸಮಾಜವಾದ ಕಟ್ಟಬಹುದು ಎಂದರು. ಟ್ರಾಟ್‌ಸ್ಕಿಯನ್ನು 1929ರಲ್ಲಿ ದೇಶದಿಂದ ಹೊರಗೆ ಹಾಕಿದರು, 1940ರ ಆಗಸ್ಟ್‌ನಲ್ಲಿ ಮೆಕ್ಸಿಕೋದಲ್ಲಿ ಸ್ಟಾಲಿನ್‌ನ ಏಜೆಂಟ್ ಕೊಂದ. 1937-38ರಲ್ಲಿ ಸೋವಿಯತ್ ಪೊಲೀಸರ ಸ್ವಂತ ದಾಖಲೆಯ ಪ್ರಕಾರವೇ 6.8 ಲಕ್ಷಕ್ಕೂ ಜಾಸ್ತಿ ಜನರಿಗೆ ಗುಂಡು. ಕೇರಳದ ಸಮ್ಮೇಳನಗಳಲ್ಲಿ ಸ್ಟಾಲಿನ್ ಚಿತ್ರ ಈಗಲೂ ಮೇಲಿರುತ್ತದೆ. ಆ ಸಂಖ್ಯೆ ಗೊತ್ತಿದ್ದೂ ಯಾಕೆ ತೂಗುಹಾಕುತ್ತಾರೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ, ಹಿಟ್ಲರನನ್ನು ಸೋಲಿಸಿದ್ದು ಅವನೇ ಎಂಬ ಉತ್ತರ ಮಾತ್ರ ತಪ್ಪದೆ ಸಿಗುತ್ತದೆ.

ಟ್ರಾಟ್‌ಸ್ಕಿ ಕವಲು ನಿಜವಾಗಿ ಬೇರು ಬಿಟ್ಟದ್ದು ಪಕ್ಕದ ಶ್ರೀಲಂಕಾದಲ್ಲಿ. ಅಲ್ಲಿನ ಲಂಕಾ ಸಮ ಸಮಾಜ ಪಾರ್ಟಿ 1935ರಲ್ಲಿ ಹುಟ್ಟಿತು. 1964ರಲ್ಲಿ ಸಿರಿಮಾವೋ ಬಂಡಾರನಾಯಕೆ ಸರ್ಕಾರ ಸೇರಿದ್ದಕ್ಕೆ ಅವರ ಅಂತರರಾಷ್ಟ್ರೀಯ ಸಂಘಟನೆಯೇ ಅವರನ್ನು ಹೊರಗೆ ಹಾಕಿತು.

ಮಾವೊ ಎಲ್ಲಿ ಬೇರೆಯಾಗುತ್ತಾರೆ? ಕಯ್ಯೂರಿನವರು ಮಾವೊವಾದಿಗಳಾ?

ಅಲ್ಲ, ಆದರೆ ಪ್ರಶ್ನೆ ಒಳ್ಳೆಯದು. ಕನ್ನಡ ಓದುಗರಿಗೆ ನಮ್ಮ ಜಿಲ್ಲೆಯ ಕಯ್ಯೂರು ಗೊತ್ತಿರುವುದೇ ನಿರಂಜನರ ಕಾದಂಬರಿಯಿಂದ. ಆಗ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. 1941ರ ಮಾರ್ಚ್‌ನಲ್ಲಿ ರೈತರ ಮೆರವಣಿಗೆಗೆ ಎದುರಾದ ಒಬ್ಬ ಪೊಲೀಸ್ ಹೊಳೆಗೆ ಹಾರಿ ಸತ್ತ. ಅದಕ್ಕೆ ಮಠತ್ತಿಲ್ ಅಪ್ಪು, ಕೋಯಿತಾಟಿಲ್ ಚಿರುಕಂಡನ್, ಪೊಡೋರ ಕುಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಎಂಬ ನಾಲ್ವರಿಗೆ 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲು. ಅವರು ಯಾರೂ ದೊಡ್ಡ ಕಾರ್ಖಾನೆಯವರಲ್ಲ, ಜನ್ಮಿಯ (ಜಮೀನ್ದಾರನ) ವಿರುದ್ಧ ಎದ್ದ ಊರವರು. ಯುರೋಪಿನ ಪುಸ್ತಕದ ಪ್ರಕಾರ ರೈತರು ಹಿಂದೆ ಬರಬೇಕು, ಕಾರ್ಮಿಕರು ಮುಂದೆ ಇರಬೇಕು. ಇಲ್ಲಿ ಮುಂದೆ ಇದ್ದದ್ದೇ ರೈತರು.

ಚೀನಾದಲ್ಲಿ ಮಾವೊ ಕಂಡುಕೊಂಡದ್ದೂ ಇದೇ. 1927ರಲ್ಲಿ ನಗರಗಳಲ್ಲಿ ಕಮ್ಯುನಿಸ್ಟರನ್ನು ಕಡಿದು ಹಾಕಿದ ಮೇಲೆ ಉಳಿದದ್ದು ಹಳ್ಳಿ. ಹಳ್ಳಿಯಲ್ಲಿ ನೆಲೆ ಮಾಡು, ಸೈನ್ಯ ಕಟ್ಟು, ಕೊನೆಗೆ ನಗರವನ್ನು ಸುತ್ತುವರಿ. ಜೊತೆಗೆ, ದೇಶದ ಸ್ವಂತ ಬಂಡವಾಳಗಾರರನ್ನೂ ಸೇರಿಸಿಕೊಂಡು ನಾಲ್ಕು ವರ್ಗಗಳ 'ಹೊಸ ಪ್ರಜಾಪ್ರಭುತ್ವ'. ಕಯ್ಯೂರಿಗೂ ಇದಕ್ಕೂ ಇರುವ ವ್ಯತ್ಯಾಸ ಕೋವಿ. ಕಯ್ಯೂರಿನವರ ಕೈಯಲ್ಲಿದ್ದದ್ದು ಬಾವುಟ. ಮುಂದೆ ಅವರ ಪಾರ್ಟಿ ಹೋದದ್ದೂ ಮತಪೆಟ್ಟಿಗೆಯ ದಾರಿಯಲ್ಲೇ. ಎ.ಕೆ. ಗೋಪಾಲನ್ 1957, 1962, 1967ರಲ್ಲಿ ಗೆದ್ದು ಲೋಕಸಭೆಗೆ ಹೋದದ್ದು ಇದೇ ಕಾಸರಗೋಡಿನಿಂದ.

ಮಾವೊ ಗೆದ್ದ ಮೇಲಿನ ಕಥೆಯಲ್ಲಿ 1958ರಲ್ಲಿ ದೇಶವನ್ನು ದಿಢೀರ್ ಕೈಗಾರಿಕೆಗೆ ಎತ್ತಲು ಹೊರಟ 'ಮಹಾ ಜಿಗಿತ' ತಂದ ಬರಗಾಲವೂ ಇದೆ. ಸತ್ತವರ ಲೆಕ್ಕವನ್ನು ಕೋಟಿಗಳಲ್ಲಿ ಹೇಳುತ್ತಾರೆ. ಮಾವೊ ಬಗ್ಗೆ ಹೇಳುವವರು ಇದನ್ನು ಬಿಟ್ಟು ಹೇಳಿದರೆ ಅರ್ಧ ಹೇಳಿದ ಹಾಗೆ.

ಸರಿ, ಸಿಪಿಐ, ಸಿಪಿಎಂ, ಎಂಎಲ್, ಮಾವೊವಾದಿ. ಒಂದೊಂದೇ ಹೇಳಿ.

ಇಲ್ಲೇ ಆ ಮೂರನೇ ಪ್ರಶ್ನೆ ಕೆಲಸಕ್ಕೆ ಬರುವುದು. 1956ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಸ್ಟಾಲಿನ್‌ನ ತಪ್ಪುಗಳನ್ನು ಬಿಚ್ಚಿಟ್ಟರು, ಶಾಂತಿಯ ದಾರಿಯಲ್ಲೂ ಸಮಾಜವಾದ ಬರಬಹುದು ಎಂದರು. ಚೀನಾ ಒಪ್ಪಲಿಲ್ಲ. ರಷ್ಯ, ಚೀನಾ ಬೇರೆಯಾದವು. 1962ರಲ್ಲಿ ಭಾರತ-ಚೀನಾ ಯುದ್ಧವೂ ಬಂತು. ಎರಡು ವರ್ಷದಲ್ಲಿ, 1964ರಲ್ಲಿ, ಭಾರತದ ಕಮ್ಯುನಿಸ್ಟ್ ಪಾರ್ಟಿ ಸಿಪಿಐ, ಸಿಪಿಎಂ ಎಂದು ಒಡೆಯಿತು.

ಸಿಪಿಐ ಹೇಳಿದ್ದು: ನಮ್ಮ ಬಂಡವಾಳಗಾರರಲ್ಲಿ ಸಾಮ್ರಾಜ್ಯಶಾಹಿಗೆ ಎದುರು ನಿಲ್ಲುವ ಭಾಗ ಒಂದಿದೆ, ಕಾಂಗ್ರೆಸ್ಸಿನಲ್ಲೂ ಒಳ್ಳೆಯವರಿದ್ದಾರೆ, ಅವರ ಜೊತೆ ಸೇರಿ ರಾಷ್ಟ್ರೀಯ ಪ್ರಜಾಪ್ರಭುತ್ವ ಕ್ರಾಂತಿ ಮಾಡೋಣ. ಸಿಪಿಎಂ ಹೇಳಿದ್ದು: ಇಲ್ಲ, ಈ ಸರ್ಕಾರ ನಡೆಸುತ್ತಿರುವುದು ದೊಡ್ಡ ಬಂಡವಾಳಗಾರರು ಮುಂದಾಳಾಗಿರುವ ಬಂಡವಾಳಗಾರ-ಜಮೀನ್ದಾರರ ಕೂಟ, ಕಾರ್ಮಿಕರ ನೇತೃತ್ವದಲ್ಲೇ ಜನತಾ ಪ್ರಜಾಪ್ರಭುತ್ವ ಕ್ರಾಂತಿ ಆಗಬೇಕು. ಕೂದಲು ಸೀಳುವುದು ಎಂದು ನಗಬೇಡಿ. 1970ರಿಂದ 77ರ ತನಕ ಕೇರಳದಲ್ಲಿ ಸಿಪಿಐನ ಸಿ. ಅಚ್ಯುತ ಮೇನೋನ್ ಮುಖ್ಯಮಂತ್ರಿಯಾಗಿದ್ದದ್ದು ಕಾಂಗ್ರೆಸ್ ಜೊತೆ ಸೇರಿ. ತುರ್ತು ಪರಿಸ್ಥಿತಿಯನ್ನು ಸಿಪಿಐ ಬೆಂಬಲಿಸಿತು, ಸಿಪಿಎಂನವರು ಜೈಲಿಗೆ ಹೋದರು. ಆ ಒಂದು ಸಿದ್ಧಾಂತದ ವಾಕ್ಯದಿಂದ ಯಾರು ಜೈಲಿನ ಒಳಗೆ, ಯಾರು ಹೊರಗೆ ಎಂದು ತೀರ್ಮಾನವಾಯಿತು. ಅದು ತಪ್ಪಾಗಿತ್ತು ಎಂದು ಸಿಪಿಐ 1978ರಲ್ಲಿ ಒಪ್ಪಿಕೊಂಡಿತು. ಆಮೇಲೆ ಎರಡೂ ಒಂದೇ ರಂಗದಲ್ಲಿವೆ. ಇವತ್ತು ವ್ಯತ್ಯಾಸ ಸೀಟು ಹಂಚುವಾಗ ಜಾಸ್ತಿ ಕಾಣುತ್ತದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ನಕ್ಸಲರದ್ದು ಇನ್ನೊಂದು ಓದು. ದೇಶ ಅರೆ ಊಳಿಗಮಾನ್ಯ, ಅರೆ ವಸಾಹತು, ಚೀನಾದ ಹಾಗೆ, ಆದ್ದರಿಂದ ದಾರಿಯೂ ಚೀನಾದ್ದೇ. 1967ರ ಮೇ ತಿಂಗಳಲ್ಲಿ ಬಂಗಾಳದ ನಕ್ಸಲ್‌ಬಾರಿಯಲ್ಲಿ ಎದ್ದರು, 1969ರ ಏಪ್ರಿಲ್ 22ರಂದು, ಲೆನಿನ್ ಹುಟ್ಟಿದ ದಿನ ನೋಡಿ, ಸಿಪಿಐ(ಎಂಎಲ್), ಅಂದರೆ ಮಾರ್ಕ್ಸ್‌ವಾದಿ-ಲೆನಿನ್‌ವಾದಿ ಪಾರ್ಟಿ, ಕಟ್ಟಿದರು. ಅದರ ನಾಯಕ ಚಾರು ಮಜುಂದಾರ್ 1972ರಲ್ಲಿ ಪೊಲೀಸ್ ವಶದಲ್ಲಿ ಸತ್ತ ಮೇಲೆ ಅದು ಎಷ್ಟು ಚೂರಾಯಿತು ಎಂದು ಎಣಿಸುವುದು ಕಷ್ಟ. ಕೆಲವು ಚೂರುಗಳು ಚುನಾವಣೆಗೆ ಬಂದವು, ಬಿಹಾರದಲ್ಲಿ ಗೆಲ್ಲುವ ಲಿಬರೇಷನ್ ಅಂಥದ್ದು. ಬಾರದೆ ಉಳಿದ ಎರಡು ದೊಡ್ಡವು, ಪೀಪಲ್ಸ್ ವಾರ್ ಮತ್ತು ಎಂಸಿಸಿ, 2004ರ ಸೆಪ್ಟೆಂಬರ್‌ನಲ್ಲಿ ಸೇರಿ ಸಿಪಿಐ (ಮಾವೊವಾದಿ) ಆಯಿತು. ಅದು ನಿಷೇಧಿತ ಸಂಘಟನೆ. ಹಾಗಾಗಿ ಎಂಎಲ್ ಎಂದವರೆಲ್ಲ ಕಾಡಿನವರಲ್ಲ. ಇದನ್ನು ಪೇಪರಿನವರೂ ಕಲಸಿಬಿಡುತ್ತಾರೆ.

ಇವರ ಓದಿನಲ್ಲಿ ಒಂದು ತೊಡಕಿದೆ ಎಂದು ನನಗನಿಸುತ್ತದೆ, ಕಡೇಪಕ್ಷ ನಮ್ಮ ಕಡೆಗೆ. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿಯೇ ಹೋಯಿತು. ಚಾಲಗೇಣಿ ಒಕ್ಕಲು ಭೂಮಿಯ ಒಡೆಯನಾದ. ಅಡಿಕೆ ತೋಟದ ಆ ಒಡೆಯನ ಮೊಮ್ಮಗ ಈಗ ಕೊಲ್ಲಿ ದೇಶದಲ್ಲಿ, ತೋಟದಲ್ಲಿ ಅಡಿಕೆ ಸುಲಿಯುವವರು ಬಂಗಾಳ, ಅಸ್ಸಾಮಿನವರು. ಇದನ್ನು ಅರೆ ಊಳಿಗಮಾನ್ಯ ಎಂದು ಹೇಗೆ ಕರೆಯುವುದು?

ಹಾಗೆ ಕರೆಯಲಾಗದು ಎಂದು ಮೊದಲೇ ಹೇಳಿದವರೂ ಇದ್ದಾರೆ. 1948ರಲ್ಲಿ ಶಿಬದಾಸ್ ಘೋಷ್ ಕಟ್ಟಿದ ಎಸ್‌ಯುಸಿಐ ಎಂಬ ಪಾರ್ಟಿ, ದೇಶ ಆಗಲೇ ಬಂಡವಾಳಶಾಹಿಯ ಕೈಯಲ್ಲಿದೆ, ನೇರ ಸಮಾಜವಾದಿ ಕ್ರಾಂತಿಯೇ ಬೇಕು ಎನ್ನುತ್ತದೆ. ಸ್ಟಾಲಿನ್ ದಾರಿ ಒಪ್ಪದೆ 1940ರಲ್ಲಿ ಹುಟ್ಟಿದ ಆರ್‌ಎಸ್‌ಪಿ (ರೆವಲ್ಯೂಷನರಿ ಸೋಷಲಿಸ್ಟ್ ಪಾರ್ಟಿ) ಕೂಡ ಸಮಾಜವಾದಿ ಕ್ರಾಂತಿಯದೇ ಮಾತು. ಹೆಸರಿನಲ್ಲೇ ಕ್ರಾಂತಿ ಇರುವ ಆ ಪಾರ್ಟಿ ಕೇರಳದಲ್ಲಿ ಕೊಲ್ಲಂ ಸೀಟು ಸಿಗದೆ ಎಡರಂಗ ಬಿಟ್ಟು 2014ರಿಂದ ಕಾಂಗ್ರೆಸ್ ರಂಗದಲ್ಲಿದೆ. ಘಟ್ಟದ ಲೆಕ್ಕ ಒಂದು, ಕೊಲ್ಲಂ ಸೀಟಿನ ಲೆಕ್ಕ ಇನ್ನೊಂದು.

ಗ್ರಾಂಶಿ ಹೆಸರು ಈಗ ಎಲ್ಲರ ಬಾಯಲ್ಲಿ. ಅವರು ಯಾವ ಕವಲು?

ಇಟಲಿಯ ಕಮ್ಯುನಿಸ್ಟ್ ಪಾರ್ಟಿಯ ಮುಖಂಡರು. 1926ರಲ್ಲಿ ಮುಸೊಲಿನಿ ಸರ್ಕಾರ ಹಿಡಿದು ಹಾಕಿತು, 1937ರಲ್ಲಿ ತೀರಿಕೊಂಡರು. ಜೈಲಿನಲ್ಲಿ ಬರೆದ ಟಿಪ್ಪಣಿಗಳಿಂದ ಹೆಸರು. ಆಳುವವರು ಲಾಠಿಯಿಂದ ಮಾತ್ರ ಆಳುವುದಿಲ್ಲ, ಜನ ಒಪ್ಪುವ ಹಾಗೆ ಮಾಡಿ ಆಳುತ್ತಾರೆ, ಆದ್ದರಿಂದ ಶಾಲೆ, ಪತ್ರಿಕೆ, ದೇವಸ್ಥಾನ, ಕ್ಲಬ್ಬು ಎಲ್ಲ ಕಡೆ ಕಂದಕ ತೋಡಿಕೊಂಡು ನಿಧಾನಕ್ಕೆ ಗೆಲ್ಲಬೇಕು. ಬೀಡಿ ಕಂಪನಿಗಳಲ್ಲಿ ಒಬ್ಬ ಗಟ್ಟಿಯಾಗಿ ಪೇಪರ್ ಓದುತ್ತಿದ್ದ, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಗ್ರಾಂಶಿಯನ್ನು ಓದದೆಯೇ ಗ್ರಾಂಶಿ ಹೇಳಿದ್ದನ್ನು ಮಾಡಿದವರು ಅವರು.

ಮಲಯಾಳಂ ಕರಪತ್ರ ಓದಿದರೆ ತಲೆ ತಿರುಗುತ್ತದೆ. ಏನು ಮಾಡಲಿ?

ಪದಗಳು ಕನ್ನಡದ ಹಾಗೆ ಕಂಡು ಮೋಸ ಮಾಡುತ್ತವೆ. ಅವರ 'ವಿಪ್ಲವಂ' ಎಂದರೆ ಕ್ರಾಂತಿ, ನಮಗೆ ವಿಪ್ಲವ ಎಂದರೆ ಏನೋ ಅನಾಹುತ. ಅವರ 'ಜನಾಧಿಪತ್ಯಂ' ಪ್ರಜಾಪ್ರಭುತ್ವ. ಅದೇ 'ಸರ್ವಾಧಿಪತ್ಯಂ' ಎಂದರೆ ಸರ್ವಾಧಿಕಾರ. 'ತೊಳಿಲಾಳಿ ವರ್ಗ ಸರ್ವಾಧಿಪತ್ಯಂ' ಎಂದು ಕಂಡರೆ ಕಾರ್ಮಿಕ ವರ್ಗದ ಸರ್ವಾಧಿಕಾರ ಎಂದು ಓದಿಕೊಳ್ಳಿ. 'ಮುದಲಾಳಿ' ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ.

ಭಾಷೆಯ ಬಗ್ಗೆ ಇವರು ಏನು ಹೇಳುತ್ತಾರೆ? ನಮಗೆ ಬೇಕಾದ್ದು ಅದು.

ಹೌದು, ಮತ್ತೆ ಇದರಲ್ಲೂ ಕವಲುಗಳಿವೆ. ರೋಸಾ ಲಕ್ಸೆಂಬರ್ಗ್, ರಾಷ್ಟ್ರಗಳ ಸ್ವನಿರ್ಣಯ ಎಂಬುದೇ ಕಾರ್ಮಿಕರ ದಾರಿ ತಪ್ಪಿಸುವ ಮಾತು ಎಂದರು. ಲೆನಿನ್, ಬೇರೆಯಾಗುವ ಹಕ್ಕನ್ನೂ ಕೊಡಬೇಕು ಎಂದರು. ಸ್ಟಾಲಿನ್ 1913ರಲ್ಲಿ, ರಾಷ್ಟ್ರ ಎನ್ನಬೇಕಾದರೆ ಒಂದೇ ಭಾಷೆ, ಒಂದೇ ನೆಲ, ಒಂದೇ ಆರ್ಥಿಕ ಬದುಕು, ಒಂದೇ ಮನೋಧರ್ಮ ಬೇಕು ಎಂದು ಪಟ್ಟಿ ಕೊಟ್ಟರು. ಆಸ್ಟ್ರಿಯಾದ ಒಟ್ಟೊ ಬವರ್ ಅದಕ್ಕೂ ಮೊದಲು, 1907ರಲ್ಲಿ, ಬೇರೆ ಏನೋ ಹೇಳಿದ್ದರು: ನೆಲದ ಗೆರೆ ಬಿಟ್ಟುಬಿಡಿ, ಒಂದು ಭಾಷೆಯವರು ಎಲ್ಲಿದ್ದರೂ ಸರಿ, ಅವರು ಹೆಸರು ನೋಂದಾಯಿಸಿಕೊಂಡು ತಮ್ಮ ಶಾಲೆ, ಸಂಸ್ಕೃತಿಯನ್ನು ತಾವೇ ಆರಿಸಿದ ಮಂಡಳಿಯಿಂದ ನಡೆಸಲಿ. ಇದು ಕಾರ್ಮಿಕರನ್ನು ಒಡೆಯುತ್ತದೆ ಎಂದು ಲೆನಿನ್ ವಿರೋಧಿಸಿದರು. ಆದರೆ ತಾಯ್ನುಡಿಯಲ್ಲಿ ಕಲಿಯುವ ಹಕ್ಕನ್ನು ಅವರೂ ಬಿಡಲಿಲ್ಲ.

ಈಗ ನಮ್ಮ ನಕ್ಷೆ ನೋಡಿ. ಕಮ್ಯುನಿಸ್ಟರು ಭಾಷಾವಾರು ಪ್ರಾಂತ್ಯಕ್ಕೂ ಐಕ್ಯ ಕೇರಳಕ್ಕೂ ಹೋರಾಡಿದವರು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಕಾಸರಗೋಡನ್ನು ಕೇರಳಕ್ಕೆ ಎಂದಿತು, 1956ರ ನವೆಂಬರ್ 1ಕ್ಕೆ ಹಾಗೇ ಆಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಎಂದಿತು, ಆಗಲಿಲ್ಲ. ಸ್ಟಾಲಿನ್‌ನ ಪಟ್ಟಿ ಹಿಡಿದು ಕೂತರೆ ಇಲ್ಲಿ ಲೆಕ್ಕವೇ ಸಿಗದು. ಒಂದೇ ಅಂಗಡಿಯ ಬೆಂಚಿನಲ್ಲಿ ತುಳು, ಕನ್ನಡ, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ ಕೂತಿರುತ್ತವೆ. ಕವಲುಗಳಲ್ಲೆಲ್ಲ ನಮಗೆ ಹೊಂದುವುದು ಯಾರೂ ಓದದ ಆ ಬವರ್ ಅಂತ ನನ್ನ ಅನಿಸಿಕೆ.

ಯಾಕೆ ಹೇಳಿದೆ ಅಂದರೆ, ನಮ್ಮ ಹತ್ತಿರದ ಒಂದು ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಲೆಕ್ಕ ಕಲಿಸಲು ಕನ್ನಡ ಬಾರದ ಮೇಷ್ಟ್ರು ಬಂದರು. ತಂಗಿಯ ಮಗಳು ಮನೆಗೆ ಬಂದು ನೋಟ್‌ಬುಕ್ ತೋರಿಸಿದಳು. ಅಂಕಿಗಳೆಲ್ಲ ಸರಿ, ಪ್ರಶ್ನೆಯ ಜಾಗ ಖಾಲಿ. ಮೇಷ್ಟ್ರು ಬೋರ್ಡಿನಲ್ಲಿ ಪ್ರಶ್ನೆಯನ್ನು ಮಲಯಾಳಂನಲ್ಲಿ ಬರೆದಿದ್ದರಂತೆ, ಇವಳಿಗೆ ಓದಲು ಬರಲಿಲ್ಲ, ಉತ್ತರ ಮಾತ್ರ ಬರೆದುಕೊಂಡಿದ್ದಾಳೆ. ಪಾರ್ಟಿಯಲ್ಲಿರುವ ಗೆಳೆಯರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಕನ್ನಡದವರೇ. "ಇದು ಆಡಳಿತದ ವಿಷಯ ಮಾರಾಯ" ಎಂದರು. ಯಾವ ಘಟ್ಟದಲ್ಲಿ ಇದು ರಾಜಕೀಯದ ವಿಷಯ ಆಗುತ್ತದೆ ಎಂದು ಕೇಳಿದೆ. ನಕ್ಕರು. ನೋಟ್‌ಬುಕ್ಕಿನ ಆ ಪುಟದ ಫೋಟೋ ತೆಗೆದುಕೊಂಡು, ಮುಂದಿನ ಬ್ರಾಂಚ್ ಮೀಟಿಂಗಿನಲ್ಲಿ ಎತ್ತುತ್ತೇನೆ ಎಂದರು. ಏನು ತೀರ್ಮಾನವಾಯಿತು ಎಂದು ಗೊತ್ತಾದರೆ ಈ ಉತ್ತರದ ಕೆಳಗೆ ಸೇರಿಸುತ್ತೇನೆ.